ವಿಜಯಪುರದ ಬಿಸಿಲಿನಲ್ಲಿ ಎರಡು ಬೇಸಿಗೆ ಕಳೆದ ಲಿಥಿಯಂ ಇನ್ವರ್ಟರ್ ಬ್ಯಾಟರಿ

ನಮ್ಮ ಮನೆಯ ಇನ್ವರ್ಟರಿಗೆ ಜೋಡಿಸಿದ್ದ 150 ಆಂಪಿಯರ್-ಅವರ್‌ನ ಟ್ಯೂಬ್ಯುಲರ್ ಬ್ಯಾಟರಿಯನ್ನು (ಸೀಸ ಮತ್ತು ಆಸಿಡ್ಡಿನ ಹಳೆಯ ಜಾತಿಯದು) ತೆಗೆದು, ಅದರ ಜಾಗದಲ್ಲಿ 12.8 ವೋಲ್ಟ್, 100 ಆಂಪಿಯರ್-ಅವರ್‌ನ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯನ್ನು ಕೂರಿಸಿದ್ದು 2024ರ ಫೆಬ್ರುವರಿಯಲ್ಲಿ. (ಆಂಪಿಯರ್-ಅವರ್ ಎಂದರೆ ಬ್ಯಾಟರಿ ಎಷ್ಟು ವಿದ್ಯುತ್ತು ಹಿಡಿದಿಡುತ್ತದೆ ಎಂಬುದರ ಅಳತೆ.) ಕೊಂಡ ಮರುವಾರವೇ ಹೊಗಳಿ ಬರೆಯುವ ವಿಮರ್ಶೆಗಳ ಮೇಲೆ ನನಗೆ ನಂಬಿಕೆ ಇಲ್ಲದ ಕಾರಣ, ವಿಜಯಪುರದ ಎರಡು ಬೇಸಿಗೆಗಳನ್ನು ಅದು ಕಳೆಯುವ ತನಕ ಕಾದಿದ್ದೆ. ಕಂಪನಿಯ ಹೆಸರನ್ನೂ ಅಂಗಡಿಯ ಹೆಸರನ್ನೂ ಬೇಕೆಂದೇ ಬರೆಯುತ್ತಿಲ್ಲ. ಈ ಪೆಟ್ಟಿಗೆಗಳ ಮೇಲೆ ಅಂಟಿಸಿದ ಹೆಸರು ಯಾವುದೇ ಇರಲಿ, ಒಳಗಿನ ಸೆಲ್ಲುಗಳು ಬಹುಪಾಲು ಬೇರೆಲ್ಲೋ ತಯಾರಾಗಿ ಬಂದವು. ಕೊಳ್ಳುವವನು ತಿಳಿದುಕೊಳ್ಳಬೇಕಾದದ್ದು ಆ ಸೆಲ್ಲಿನ ಗುಣವನ್ನು, ಅದಕ್ಕೆ ಚಾರ್ಜ್ ಕೊಡುವ ಯಂತ್ರದ, ಅಂದರೆ ಇನ್ವರ್ಟರಿನ, ಗುಣವನ್ನು. ಈ ಎರಡನೆಯ ಮಾತನ್ನು ಅಂಗಡಿಯಲ್ಲಿ ಯಾರೂ ನನಗೆ ಬಿಡಿಸಿ ಹೇಳಲಿಲ್ಲ. ನನ್ನ ದೂರುಗಳೆಲ್ಲ ಅಲ್ಲಿಂದಲೇ ಹುಟ್ಟಿದವು.

ಹಳೆಯ ಬ್ಯಾಟರಿಗೆ ಅನ್ಯಾಯ ಮಾಡಬಾರದು. ಸೀಸ ಮತ್ತು ಗಂಧಕಾಮ್ಲದ ಬ್ಯಾಟರಿಯನ್ನು ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ 1859ರಲ್ಲಿ ಕಟ್ಟಿದ. ಇಂದಿಗೂ ಅದರೊಳಗಿನ ರಸಾಯನ ಅದೇ: ಬ್ಯಾಟರಿ ಖಾಲಿಯಾಗುತ್ತ ಹೋದಂತೆ ಎರಡೂ ಬದಿಯ ಫಲಕಗಳು ಸೀಸದ ಸಲ್ಫೇಟ್ ಆಗಿ ಬದಲಾಗುತ್ತವೆ, ಆಸಿಡ್ ತೆಳುವಾಗುತ್ತದೆ, ಚಾರ್ಜ್ ಕೊಟ್ಟಾಗ ಇದು ತಿರುವುಮುರುವಾಗುತ್ತದೆ. ನಾನು ಸಕ್ಕರೆ ಕಾರ್ಖಾನೆಯ ಲ್ಯಾಬಿನಲ್ಲಿ 26 ವರ್ಷ ಕೆಲಸ ಮಾಡಿದವನು. ಕಬ್ಬಿನ ಹಾಲಿನಲ್ಲಿ ಸಕ್ಕರೆಯ ಅಂಶ ಅಳೆಯುವ ಬ್ರಿಕ್ಸ್ ಹೈಡ್ರೋಮೀಟರ್ ತೇಲಿಬಿಟ್ಟು ಅದು ಎಷ್ಟು ಮುಳುಗಿತೆಂದು ನೋಡುವುದು ಕೈಗೆ ಹತ್ತಿದ ಅಭ್ಯಾಸ. ಬ್ಯಾಟರಿಯ ಆಸಿಡ್ ನೋಡುವುದೂ ಅದೇ ಕೆಲಸವೇ. ಪಿಚಕಾರಿಯಂಥ ಗಾಜಿನ ಕೊಳವೆಯೊಳಗೆ ತೇಲುವ ಕಡ್ಡಿ, ನೀರನ್ನು 1 ಎಂದು ಹಿಡಿದ ಸಾಂದ್ರತೆಯ ಲೆಕ್ಕದಲ್ಲಿ, 1.24ರ ಸುತ್ತ ನಿಂತರೆ ಹೊಟ್ಟೆ ತುಂಬಿದೆ ಎಂದೂ 1.15ಕ್ಕೆ ಇಳಿದರೆ ಹಸಿದಿದೆ ಎಂದೂ ಅರ್ಥ. ಆರು ಸೆಲ್ಲುಗಳಲ್ಲಿ ಯಾವುದು ಸೊರಗಿದೆ ಎಂಬುದನ್ನು ಕಣ್ಣಾರೆ ನೋಡಬಹುದಾಗಿತ್ತು. ಹೊಸ ಬ್ಯಾಟರಿಯಲ್ಲಿ ಈ ಸುಖವಿಲ್ಲ, ಅದು ಮುಚ್ಚಿದ ಪೆಟ್ಟಿಗೆ.

ಆದರೆ ಸೀಸದ ಬ್ಯಾಟರಿಗೆ ನಮ್ಮ ಊರಿನ ಹವೆ ಒಗ್ಗುವುದಿಲ್ಲ. ಸುತ್ತಲಿನ ಉಷ್ಣತೆ 25 ಡಿಗ್ರಿಗಿಂತ ಮೇಲೆ ಪ್ರತಿ 10 ಡಿಗ್ರಿ ಏರಿದಂತೆ ಇದರ ಆಯುಷ್ಯ ಸುಮಾರು ಅರ್ಧಕ್ಕೆ ಇಳಿಯುತ್ತದೆ ಎಂಬುದು ಈ ಉದ್ಯಮದ ಹಳೆಯ ಲೆಕ್ಕ. ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಹೊರಗೆ 40 ಡಿಗ್ರಿ ದಾಟುವ ಊರಿನಲ್ಲಿ, ಕೈಪಿಡಿಯಲ್ಲಿ ಬರೆದ ವರ್ಷಗಳು ಕೈಗೆ ಸಿಗುವುದು ಹೇಗೆ? ಅದರ ಮೇಲೆ ನೀರಿನ ಗೋಳು ಬೇರೆ. ಬೇಸಿಗೆಯಲ್ಲಿ ಮೂರು ವಾರಕ್ಕೊಮ್ಮೆ ಡಿಸ್ಟಿಲ್ಡ್ ವಾಟರ್ ಹಾಕಬೇಕಾಗುತ್ತಿತ್ತು. ಒಮ್ಮೆ ನಾನು ಊರಲ್ಲಿ ಇಲ್ಲದಾಗ ಕ್ಯಾನು ಖಾಲಿಯಾಗಿದೆ ಎಂದು ಮನೆಯಲ್ಲಿ ಬೋರಿನ ನೀರನ್ನೇ ಸುರಿದಿದ್ದರು. ಪಾತ್ರೆಯ ತಳಕ್ಕೆ ಬಿಳಿ ಹೊರೆ ಕಟ್ಟಿಸುವ ನಮ್ಮ ನೀರಿನ ಕ್ಲೋರೈಡು, ಸುಣ್ಣ, ಕಬ್ಬಿಣವೆಲ್ಲ ಸೀಸದ ಫಲಕಕ್ಕೆ ಎಂಥ ಔಷಧವೆಂದು ಬಿಡಿಸಿ ಹೇಳಬೇಕಾಗಿಲ್ಲ. ಮೂರನೆಯ ಬೇಸಿಗೆಗೆ ಆ ಬ್ಯಾಟರಿ ಎರಡು ಫ್ಯಾನು, ನಾಲ್ಕು ಬಲ್ಬು ಮತ್ತು ಒಂದು ವೈಫೈ ಪೆಟ್ಟಿಗೆಯನ್ನು 2 ಗಂಟೆ 10 ನಿಮಿಷಕ್ಕಿಂತ ಹೆಚ್ಚು ಎಳೆಯದಾಯಿತು. ಜಿಲ್ಲೆಯೊಳಗೇ ಕೂಡಗಿಯಲ್ಲಿ 2,400 ಮೆಗಾವಾಟ್‌ನ ಉಷ್ಣ ವಿದ್ಯುತ್ ಸ್ಥಾವರವಿದೆ. ಆದರೂ ಮುಂಗಾರಿಗೆ ಮುಂಚಿನ ಗಾಳಿಗೆ ನಮ್ಮ ಓಣಿಯ ತಂತಿ ಹರಿದ ರಾತ್ರಿ ಅದರಿಂದ ನಮಗೇನೂ ಉಪಯೋಗವಿಲ್ಲ.

ಹೊಸ ಬ್ಯಾಟರಿಯನ್ನು ತರಲು ಹೋದಾಗ ಅಂಗಡಿಯವರು ಹೇಳಿದ್ದು ಒಂದೇ ಮಾತು: “ಸರ್, ಇದನ್ನ ಹಾಕ್ಸಿ ಬಿಡ್ರಿ, ಹತ್ತು ವರ್ಷ ತಿರುಗಿ ನೋಡೂದ ಬ್ಯಾಡ.” ಈ ಹತ್ತು ವರ್ಷ ಎಲ್ಲಿಂದ ಬಂತೆಂದು ಕೇಳಿದರೆ, ಪೆಟ್ಟಿಗೆಯ ಮೇಲಿದ್ದ 3,000 ಸೈಕಲ್ಲು ಎಂಬ ಬರಹವನ್ನು ತೋರಿಸಿದರು. ಒಮ್ಮೆ ತುಂಬಿ ಒಮ್ಮೆ ಖಾಲಿ ಮಾಡಿದರೆ ಒಂದು ಸೈಕಲ್ಲು. ದಿನಕ್ಕೊಂದರಂತೆ ಭಾಗಿಸಿದರೆ ಎಂಟು ವರ್ಷಕ್ಕಿಂತ ಸ್ವಲ್ಪ ಹೆಚ್ಚಾಗುತ್ತದೆ, ಉಳಿದದ್ದು ಅಂಗಡಿಯವರ ಔದಾರ್ಯ. ಆದರೆ ಲಿಥಿಯಂ ಸೆಲ್ಲು ಬಳಸಿದ್ದಕ್ಕಷ್ಟೇ ಸವೆಯುವುದಿಲ್ಲ, ಸುಮ್ಮನೆ ಕುಳಿತರೂ ಸವೆಯುತ್ತದೆ. ಪೂರ್ತಿ ಚಾರ್ಜಾಗಿ ಸೆಕೆಯಲ್ಲಿ ಕುಳಿತರೆ ಇನ್ನಷ್ಟು ಬೇಗ. ವಾರಂಟಿ ಕಾರ್ಡಿನಲ್ಲಿ ಇದ್ದದ್ದು ಐದು ವರ್ಷ. ನಾನು ಆ ಐದನ್ನೇ ಲೆಕ್ಕಕ್ಕೆ ಹಿಡಿದು ಕೊಂಡೆ.

ಇಷ್ಟಕ್ಕೂ ನಾನು ಈ ಜಾತಿಯ ಬ್ಯಾಟರಿಯನ್ನೇ ಆರಿಸಿಕೊಂಡದ್ದೇಕೆ? ಲಿಥಿಯಂ ಎಂದರೆ ಬೆಂಕಿ ಎಂಬ ಹೆದರಿಕೆ ನಮ್ಮ ಓಣಿಯಲ್ಲಿ ಗಟ್ಟಿಯಾಗಿ ಬೇರೂರಿದೆ, ಅದಕ್ಕೆ ಕಾರಣವೂ ಇಲ್ಲದಿಲ್ಲ. 1991ರಲ್ಲಿ ಸೋನಿ ಕಂಪನಿ ಮಾರುಕಟ್ಟೆಗೆ ತಂದ ಮೊದಲ ಲಿಥಿಯಂ-ಅಯಾನ್ ಸೆಲ್ಲಿನ ಧನಾಗ್ರದಲ್ಲಿ (ಪ್ಲಸ್ ಬದಿಯಲ್ಲಿ) ಇದ್ದದ್ದು ಕೋಬಾಲ್ಟ್ ಆಕ್ಸೈಡು. ಅತಿಯಾಗಿ ಕಾದರೆ ಆ ಆಕ್ಸೈಡು ತನ್ನೊಳಗಿನ ಆಮ್ಲಜನಕವನ್ನು ಬಿಟ್ಟುಕೊಡುತ್ತದೆ. ಸೆಲ್ಲಿನೊಳಗೇ ಉರಿಯುವ ದ್ರಾವಕವೂ ಇರುವುದರಿಂದ ಬೆಂಕಿಗೆ ಹೊರಗಿನ ಗಾಳಿಯ ಹಂಗೇ ಉಳಿಯುವುದಿಲ್ಲ. 1997ರಲ್ಲಿ ಅಮೆರಿಕದ ಟೆಕ್ಸಸ್ ವಿಶ್ವವಿದ್ಯಾಲಯದ ಜಾನ್ ಗುಡ್‌ಇನಫ್ ತಮ್ಮ ಸಹೋದ್ಯೋಗಿಗಳಾದ ಪಾಢಿ ಮತ್ತು ನಂಜುಂಡಸ್ವಾಮಿಯವರೊಂದಿಗೆ ಪ್ರಕಟಿಸಿದ ಪ್ರಬಂಧದಲ್ಲಿ ಕೋಬಾಲ್ಟಿನ ಜಾಗಕ್ಕೆ ಬಂದದ್ದು ಕಬ್ಬಿಣದ ಫಾಸ್ಫೇಟು. (ಆ ಮೂರನೆಯ ಹೆಸರನ್ನು ಓದಿದಾಗ ಕನ್ನಡದವರ ಕಿವಿ ನೆಟ್ಟಗಾಗುವುದು ಸಹಜ.) ಇದರಲ್ಲಿ ಆಮ್ಲಜನಕವು ರಂಜಕದೊಂದಿಗೆ ಬಿಗಿಯಾಗಿ ಬೆಸೆದುಕೊಂಡಿರುವುದರಿಂದ ಸುಲಭವಾಗಿ ಕಳಚಿ ಹೊರಬರುವುದಿಲ್ಲ. ಇದು ಎಂದೂ ಹೊತ್ತಿಕೊಳ್ಳುವುದಿಲ್ಲವೆಂದು ಯಾರಾದರೂ ಹೇಳಿದರೆ ನಂಬಬಾರದು, ಒಳಗಿನ ದ್ರಾವಕ ಇಲ್ಲಿಯೂ ಉರಿಯುವಂಥದ್ದೇ. ಆದರೆ ಅಡುಗೆಮನೆಯ ಪಕ್ಕದಲ್ಲಿ ಇಡುವುದಾದರೆ ಲಿಥಿಯಂ ಬಳಗದಲ್ಲಿ ನಾನು ಆರಿಸಿಕೊಳ್ಳುವುದು ಇದನ್ನೇ. ಕೋಬಾಲ್ಟು, ನಿಕ್ಕಲ್ಲು ಬೇಡವಾದ್ದರಿಂದ ಬೆಲೆಯೂ ಇಳಿಯಿತು. ಗುಡ್‌ಇನಫ್ ಅವರಿಗೆ 2019ರಲ್ಲಿ, ತಮ್ಮ 97ನೆಯ ವಯಸ್ಸಿನಲ್ಲಿ, ಸ್ಟ್ಯಾನ್ಲಿ ವಿಟ್ಟಿಂಗ್‌ಹ್ಯಾಮ್ ಮತ್ತು ಅಕಿರಾ ಯೊಶಿನೊ ಅವರೊಂದಿಗೆ ರಸಾಯನಶಾಸ್ತ್ರದ ನೊಬೆಲ್ ಬಂತು.

ಕಬ್ಬಿಣದ ಫಾಸ್ಫೇಟಿಗೆ ಒಂದು ದೊಡ್ಡ ಊನವಿತ್ತು: ವಿದ್ಯುತ್ತು ಅದರಲ್ಲಿ ಸರಿಯಾಗಿ ಹರಿಯುವುದೇ ಇಲ್ಲ. ಪುಡಿಯನ್ನು ಅತಿ ನುಣ್ಣಗೆ ಮಾಡಿ, ಪ್ರತಿ ಕಣಕ್ಕೂ ಇಂಗಾಲದ ತೆಳು ಲೇಪ ಕೊಟ್ಟ ಮೇಲೆಯೇ ಅದು ಕೆಲಸಕ್ಕೆ ಬಂದದ್ದು. ಕಾರ್ಖಾನೆಯಲ್ಲಿ ದುಡಿದವನಿಗೆ ಈ ಭಾಗವೇ ಹೆಚ್ಚು ರುಚಿಸುತ್ತದೆ. ಆ ಪುಡಿಗೆ ಅಂಟು ಮತ್ತು ದ್ರಾವಕವನ್ನು ಕೂಡಿಸಿ ಅಂಬಲಿಯ ಹದಕ್ಕೆ ತರುತ್ತಾರೆ. ಅಂಬಲಿ ಗಂಟಾದರೆ ಉಣ್ಣುವವರು ಬೈದುಕೊಂಡಾದರೂ ಉಂಡಾರು, ಇಲ್ಲಿ ಗಂಟಾದರೆ ಇಡೀ ಸುರುಳಿಯೇ ಹಾಳು. ಅದನ್ನು ಅಲ್ಯುಮಿನಿಯಂ ಹಾಳೆಯ ಮೇಲೆ ಕೂದಲೆಳೆಯ ಲೆಕ್ಕದಲ್ಲಿ ಸಮನಾಗಿ ಹರಡಿ, ಉದ್ದನೆಯ ಒಲೆಯೊಳಗೆ ಒಣಗಿಸಿ, ಉರುಳೆಗಳ ನಡುವೆ ಒತ್ತುತ್ತಾರೆ. ಇನ್ನೊಂದು ಬದಿಗೆ, ಅಂದರೆ ಮೈನಸ್ ಬದಿಗೆ, ಗ್ರಾಫೈಟನ್ನು ಇದೇ ರೀತಿ ತಾಮ್ರದ ಹಾಳೆಗೆ ಹಚ್ಚುತ್ತಾರೆ. ಒಣಗಿಸುವಾಗ ಆವಿಯಾಗಿ ಹೋಗುವ ದ್ರಾವಕವನ್ನು ತಣಿಸಿ ಮರಳಿ ಹಿಡಿಯದಿದ್ದರೆ ಖರ್ಚೂ ಹೆಚ್ಚು, ಕೆಲಸಗಾರರ ಆರೋಗ್ಯಕ್ಕೂ ಕೇಡು. ಮುಂದಿನ ಹಂತದಲ್ಲಿ ತೇವವೇ ಶತ್ರು: ಎಲೆಕ್ಟ್ರೊಲೈಟಿನಲ್ಲಿ, ಅಂದರೆ ಎರಡು ಬದಿಗಳ ನಡುವಿನ ದ್ರವದಲ್ಲಿ, ಇರುವ ಲಿಥಿಯಂ ಲವಣಕ್ಕೆ ನೀರಿನ ಅಂಶ ತಗಲಿದರೆ ಹೈಡ್ರೊಫ್ಲೋರಿಕ್ ಆಮ್ಲ ಹುಟ್ಟಿ ಸೆಲ್ಲನ್ನು ಒಳಗಿನಿಂದ ತಿನ್ನುತ್ತದೆ. ಹೀಗಾಗಿ ಒಂದೇ ಹೆಸರಿನ, ಒಂದೇ ಅಳತೆಯ ಎರಡು ಸೆಲ್ಲುಗಳ ನಡುವೆ ಅಜಗಜಾಂತರವಿರಬಹುದು. ಅದು ಪೆಟ್ಟಿಗೆಯ ಬಣ್ಣದಲ್ಲಿ ಕಾಣಿಸುವುದಿಲ್ಲ.

ಅಂಗಡಿಯಲ್ಲಿ ರಿಪೇರಿಗೆ ಬಂದ ಇಂಥದ್ದೇ ಒಂದು ಬ್ಯಾಟರಿ ಬಿಚ್ಚಿದ ಸ್ಥಿತಿಯಲ್ಲಿತ್ತು. ಒಳಗೆ ಇಟ್ಟಿಗೆಯಾಕಾರದ ನಾಲ್ಕು ಸೆಲ್ಲುಗಳನ್ನು ಸಾಲಾಗಿ ಒತ್ತಿ ಕಟ್ಟಿದ್ದರು, ಒಂದೊಂದೂ 3.2 ವೋಲ್ಟಿನದು, ನಾಲ್ಕು ಸೇರಿ 12.8. ಮೇಲೆ ಅಲ್ಯುಮಿನಿಯಂ ಪಟ್ಟಿ, ಪ್ರತಿ ಸೆಲ್ಲಿಗೂ ಒಂದು ಸಣ್ಣ ವಯರು, ಎಲ್ಲವೂ ಹೋಗಿ ಸೇರುವ ಹಸಿರು ಹಲಗೆ. ಆ ಹಲಗೆಯೇ ಬಿಎಂಎಸ್, ಅಂದರೆ ಸೆಲ್ಲುಗಳ ಕಾವಲುಗಾರ. ಮೂರನೆಯ ಸೆಲ್ಲಿನ ಹೊಟ್ಟೆ ಉಬ್ಬಿ ಪಕ್ಕದ್ದನ್ನು ದೂಡಿತ್ತು. ಕೆಲಸದ ಹುಡುಗ ಮಲ್ಟಿಮೀಟರಿನ ಕಡ್ಡಿಗಳನ್ನು ಒಂದೊಂದಕ್ಕೂ ಮುಟ್ಟಿಸಿ ತೋರಿಸಿದ: ಉಳಿದ ಮೂರೂ 3.3ರ ಆಸುಪಾಸು, ಉಬ್ಬಿದ್ದು 1.9. ಯಾಕೆ ಹೀಗಾಯಿತೆಂದು ಕೇಳಿದೆ. “ಹಳೇ ಇನ್ವರ್ಟರಿಗೇ ಜೋಡಸ್ಯಾರ್ರಿ,” ಎಂದ. ಅವನ ಮಾಲೀಕರು ಹೇಳದೆ ಬಿಟ್ಟದ್ದನ್ನು ಆ ಹುಡುಗ ಅರ್ಧ ವಾಕ್ಯದಲ್ಲಿ ಹೇಳಿದ್ದ. ಅದರ ಬೆಲೆ ನನಗೆ ಆಗ ತಿಳಿಯಲಿಲ್ಲ.

ಬ್ಯಾಟರಿಗೆ ನಾನು ಕೊಟ್ಟದ್ದು 28,500 ರೂಪಾಯಿ, ಹಳೆಯದನ್ನು 4,300ಕ್ಕೆ ಹಿಡಿದುಕೊಂಡರು. ಹಳೆಯದನ್ನು ಇಬ್ಬರು ಆಳುಗಳು ಏದುಸಿರು ಬಿಡುತ್ತ ಹೊತ್ತೊಯ್ದರು, ಹೊಸದನ್ನು ಒಬ್ಬನೇ ಹುಡುಗ ತರಕಾರಿ ಚೀಲದಂತೆ ಹಿಡಿದು ತಂದ: 57 ಕಿಲೋ ಹೋಗಿ 12 ಕಿಲೋ ಬಂತು. “ಇನ್ನ ಆ ಆಸಿಡ್ ವಾಸನೀ ಬರಂಗಿಲ್ಲಲ್ರಿ?” ಎಂದು ನನ್ನ ಹೆಂಡತಿ ಕೇಳಿದ್ದೊಂದೇ ಅವತ್ತಿನ ಪರೀಕ್ಷೆ, ಅದರಲ್ಲಿ ಬ್ಯಾಟರಿ ಪಾಸಾಯಿತು. ಹಗುರವಿದೆಯಲ್ಲ ಎಂದು ಹುಡುಗ ಅದನ್ನು ಮೆಟ್ಟಿಲ ಮೇಲಿನ ಅಟ್ಟದಲ್ಲಿ, ಮಾಳಿಗೆಗೆ ತಾಗುವಂತೆ, ಹಳೆಯ ಇನ್ವರ್ಟರಿಗೇ ಜೋಡಿಸಿಟ್ಟು ಹೋದ. ಈ ಎರಡೂ ತಪ್ಪೆಂದು ತಿಳಿಯಲು ನನಗೆ ಮೇ ತಿಂಗಳವರೆಗೆ ಬೇಕಾಯಿತು.

ಮೊದಲನೆಯ ಸೂಚನೆ ಬಂದದ್ದು ಇನ್ವರ್ಟರಿನ ಮುಖದ ಮೇಲಿನ ಅಂಕಿಯಲ್ಲಿ. ಕರೆಂಟು ಹೋಗಿ ಮೂರು ಗಂಟೆಯಾದರೂ ಅದು ಶೇಕಡಾ 100 ಎಂದೇ ತೋರಿಸುತ್ತಿತ್ತು. ಎಂಥ ಒಳ್ಳೆಯ ಬ್ಯಾಟರಿ ಎಂದು ನಾವು ಹಿಗ್ಗಿದೆವು. ಆಮೇಲೆ ಹತ್ತು ನಿಮಿಷದಲ್ಲಿ 100ರಿಂದ 20ಕ್ಕೆ ಬಿದ್ದು, ಕೂಗು ಹಾಕಿ, ಮನೆಯೆಲ್ಲ ಕತ್ತಲಾಯಿತು. ಹಳೆಯ ಇನ್ವರ್ಟರು ವೋಲ್ಟೇಜನ್ನು ನೋಡಿ ಶೇಕಡಾವಾರು ಊಹಿಸುವಂಥದ್ದು. ಸೀಸದ ಬ್ಯಾಟರಿಯಲ್ಲಿ ವೋಲ್ಟೇಜು ಇಳಿಜಾರಿನಂತೆ ಇಳಿಯುವುದರಿಂದ ಆ ಊಹೆ ನಡೆಯುತ್ತದೆ. ಕಬ್ಬಿಣದ ಫಾಸ್ಫೇಟಿನ ವೋಲ್ಟೇಜು ಹಾಗಲ್ಲ, ನಮ್ಮ ಡೋಣಿ ಹೊಳೆಯ ಸಾಲಿನ ಬಯಲಿನಂತೆ ಚಪ್ಪಟೆಯಾಗಿ ಸಾಗಿ ಕೊನೆಯಲ್ಲಿ ಬಾವಿಯ ದಂಡೆಯಂತೆ ಒಮ್ಮೆಲೇ ಕುಸಿಯುತ್ತದೆ. ಚಾರ್ಜು ಶೇಕಡಾ 80 ಇದ್ದಾಗಲೂ 30 ಇದ್ದಾಗಲೂ ವೋಲ್ಟೇಜಿನ ವ್ಯತ್ಯಾಸ ಕಾಲು ವೋಲ್ಟಿನೊಳಗೇ. ಆದ್ದರಿಂದ ಹಳೆಯ ಇನ್ವರ್ಟರಿನ ಅಂಕಿಯನ್ನು ನಂಬುವುದು, ಮುಳ್ಳು ಕೆಟ್ಟ ಗಾಡಿಯಲ್ಲಿ ಪೆಟ್ರೋಲ್ ನೋಡಿಕೊಂಡು ಸೊಲ್ಲಾಪುರಕ್ಕೆ ಹೊರಟಂತೆ.

ಎರಡನೆಯದು ನಿಜವಾದ ಫಜೀತಿ. ಮೇ ಮೂರನೆಯ ವಾರದ ಒಂದು ರಾತ್ರಿ ಗಾಳಿಮಳೆಗೆ ಕರೆಂಟು ಹೋಗಿ, ಬ್ಯಾಟರಿ ಪೂರ್ತಿ ಬರಿದಾಗಿ, ಸೆಲ್ಲುಗಳು ಇನ್ನಷ್ಟು ಇಳಿಯಬಾರದೆಂದು ಬಿಎಂಎಸ್ ಬಾಗಿಲು ಹಾಕಿಕೊಂಡಿತು, ಅಂದರೆ ಸೆಲ್ಲುಗಳಿಗೂ ಹೊರಗಿನ ತುದಿಗಳಿಗೂ ಇದ್ದ ಸಂಪರ್ಕವನ್ನು ಕಡಿಯಿತು. ಅದು ಸರಿಯಾದ ಕೆಲಸವೇ. ಆದರೆ ಬೆಳಗಿನ ಜಾವ ಕರೆಂಟು ಬಂದಾಗ ಇನ್ವರ್ಟರು ಬ್ಯಾಟರಿಯ ತುದಿಗಳಲ್ಲಿ ವೋಲ್ಟೇಜು ಹುಡುಕಿತು; ಬಾಗಿಲು ಮುಚ್ಚಿದ್ದರಿಂದ ಅಲ್ಲಿ ಸೊನ್ನೆ. ಬ್ಯಾಟರಿಯೇ ಇಲ್ಲವೆಂದು ಭಾವಿಸಿ ಅದು ಚಾರ್ಜ್ ಕೊಡಲಿಲ್ಲ. ಚಾರ್ಜ್ ಬರದೆ ಬಿಎಂಎಸ್ ಬಾಗಿಲು ತೆರೆಯಲಿಲ್ಲ. ಹೀಗೆ ಎರಡೂ ಒಂದರ ಮುಖ ಒಂದು ನೋಡುತ್ತ ಎರಡು ದಿನ ಕುಳಿತವು. ಅಂಗಡಿಗೆ ನಾಲ್ಕು ಸಲ ಫೋನು ಮಾಡಿದ ಮೇಲೆ ಅದೇ ಹುಡುಗ ಬಂದು, ಬೇರೊಂದು ಚಾರ್ಜರನ್ನು ತುದಿಗಳಿಗೆ ಹಚ್ಚಿ, ಅರ್ಧ ನಿಮಿಷದಲ್ಲಿ ಬ್ಯಾಟರಿಯನ್ನು ಎಬ್ಬಿಸಿದ. ಹಳೆಯ ಇನ್ವರ್ಟರು ತಿಂಗಳಿಗೊಮ್ಮೆ ಸೀಸದ ಬ್ಯಾಟರಿಗೆಂದು ಕೊಡುತ್ತಿದ್ದ 15 ವೋಲ್ಟಿಗೂ ಮೀರಿದ ಚಾರ್ಜು ಈ ಸೆಲ್ಲುಗಳಿಗೆ ಹೆಚ್ಚೆಂದೂ, ಇವುಗಳ ಮಿತಿ ಸೆಲ್ಲಿಗೆ 3.65ರಂತೆ ಒಟ್ಟು 14.6 ವೋಲ್ಟೆಂದೂ, ಪ್ರತಿ ಸಲವೂ ಬಿಎಂಎಸ್ ತಡೆಯುತ್ತಿದ್ದುದರಿಂದ ಉಳಿದಿವೆಯೆಂದೂ ಆಗ ತಿಳಿಯಿತು. ಲಿಥಿಯಂ ಸೆಟ್ಟಿಂಗ್ ಇರುವ ಹೊಸ ಇನ್ವರ್ಟರಿಗೆ ಮತ್ತೆ 8,200 ರೂಪಾಯಿ ತೆತ್ತೆ. ಈ ಖರ್ಚನ್ನು ಮೊದಲ ದಿನವೇ ಹೇಳಿದ್ದರೆ ನಾನು ಆಗಲೂ ಕೊಳ್ಳುತ್ತಿದ್ದೆ. ಹೇಳದೆ ಮಾರಿದ್ದಕ್ಕೆ ಅಂಗಡಿಯ ಸೇವೆಗೆ ಐದರಲ್ಲಿ ಎರಡಕ್ಕಿಂತ ಹೆಚ್ಚು ಅಂಕ ಕೊಡಲಾರೆ. ಆ ಎರಡೂ ಕೂಡ ಆ ಹುಡುಗನವು.

ಅದೇ ವಾರ ಅಟ್ಟದ ಮೇಲೆ ಥರ್ಮಾಮೀಟರ್ ಇಟ್ಟು ನೋಡಿದೆ: ಮಧ್ಯಾಹ್ನ ಮೂರಕ್ಕೆ 46 ಡಿಗ್ರಿ. ನನ್ನ ಬ್ಯಾಟರಿಯ ಕೈಪಿಡಿ ಚಾರ್ಜ್ ಮಾಡಲು ಹಾಕಿದ ಮಿತಿ 45. ಅಲ್ಲಿಂದ ಇಳಿಸಿ, ಉತ್ತರದ ಗೋಡೆಗೆ ಹೊಂದಿಸಿ, ನೆಲದ ಷಹಾಬಾದ ಕಲ್ಲಿನ ಮೇಲೆ ಇಟ್ಟೆ. ಅಲ್ಲಿ ಅದೇ ಹೊತ್ತಿಗೆ 36. ಸೀಸದ ಬ್ಯಾಟರಿಯಂತೆ ಇದು ಹೈಡ್ರೋಜನ್ ಬಿಡುವುದಿಲ್ಲವಾದ್ದರಿಂದ ಮನೆಯೊಳಗೆ ಇಡಲು ಆ ಅಂಜಿಕೆಯಿಲ್ಲ. ಕೈಪಿಡಿಯಲ್ಲಿ ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಬಾರದೆಂಬ ದಪ್ಪಕ್ಷರದ ಎಚ್ಚರಿಕೆಯೂ ಇದೆ. ವಿಜಯಪುರದವರು ಅದನ್ನು ಓದಿ ನಗಬಹುದು. ಹೊಸ ಇನ್ವರ್ಟರಿನಲ್ಲಿ ಚಾರ್ಜಿನ ಮೇಲ್ಮಿತಿಯನ್ನು 14.6 ಬಿಟ್ಟು 14.2ಕ್ಕೆ, ತುಂಬಿದ ಮೇಲೆ ನಿಲ್ಲಿಸುವ ವೋಲ್ಟೇಜನ್ನು 13.5ಕ್ಕೆ ಇಳಿಸಿದ್ದೇನೆ. ಇದರಿಂದ ಕಳೆದುಕೊಳ್ಳುವುದು ಅತ್ಯಲ್ಪ, ಸೆಕೆಯಲ್ಲಿ ಸೆಲ್ಲಿಗೆ ಆಗುವ ಆಯಾಸ ಕಡಿಮೆ.

ಇಷ್ಟು ಸರಿಪಡಿಸಿದ ಮೇಲೆ ಬ್ಯಾಟರಿಯ ಬಗ್ಗೆ ನನಗೆ ದೂರಿಲ್ಲ. ಅದೇ ಎರಡು ಫ್ಯಾನು, ನಾಲ್ಕು ಬಲ್ಬು, ವೈಫೈ: ಹೊಸದರಲ್ಲಿ 5 ಗಂಟೆ 20 ನಿಮಿಷ ಬಂದಿತ್ತು, ಎರಡನೆಯ ಬೇಸಿಗೆ ಮುಗಿದ ಮೇಲೆ ಅಳೆದಾಗ 5 ಗಂಟೆ 5 ನಿಮಿಷ. 150 ಎಂದು ಬರೆದ ಹಳೆಯದಕ್ಕಿಂತ 100 ಎಂದು ಬರೆದ ಇದು ಹೆಚ್ಚು ಹೊತ್ತು ನಡೆಸುವುದು ಮೊದಲು ವಿಚಿತ್ರವೆನಿಸಬಹುದು. ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಪದೇ ಪದೇ ಇಳಿಸಿದರೆ ಫಲಕದ ಮೇಲೆ ಸಲ್ಫೇಟು ಹರಳುಗಟ್ಟಿ, ಮತ್ತೆ ಕರಗದೆ ಉಳಿದು, ಬ್ಯಾಟರಿ ಬೇಗ ಸೊರಗುತ್ತದೆ. ಇದನ್ನು ಬಹುಪಾಲು ಖಾಲಿ ಮಾಡಿದರೂ ಅಂಥ ಪೆಟ್ಟಿಲ್ಲ. ಆದರೆ ನನ್ನ ಮಟ್ಟಿಗೆ ಇದರ ದೊಡ್ಡ ಗುಣ ಬೇರೆಯೇ: ಬೇಗ ತುಂಬುತ್ತದೆ. ಹಳೆಯದು ಪೂರ್ತಿ ಚಾರ್ಜಾಗಲು ಹನ್ನೊಂದು ಹನ್ನೆರಡು ಗಂಟೆ ಬೇಡುತ್ತಿತ್ತು, ಅದರಲ್ಲೂ ಕೊನೆಯ ಕಾಲು ಭಾಗ ಬಸವನಹುಳುವಿನ ನಡಿಗೆ. ದಿನಕ್ಕೆ ಮೂರು ಸಲ ಕರೆಂಟು ಹೋಗುವ ದಿನಗಳಲ್ಲಿ ಅದು ಎಂದೂ ಹೊಟ್ಟೆ ತುಂಬ ಉಣ್ಣಲೇ ಇಲ್ಲ, ಸತ್ತದ್ದೂ ಅದೇ ಕೊರಗಿನಿಂದ. ಇದು ಐದು ಗಂಟೆಯಲ್ಲಿ ತುಂಬುತ್ತದೆ, ಅರ್ಧ ತುಂಬಿದಾಗ ಕರೆಂಟು ಹೋದರೂ ಬೇಸರಪಡುವುದಿಲ್ಲ.

ತಿಂಗಳಿಗೆ ನಾಲ್ಕು ತಾಸು ಕರೆಂಟು ಹೋಗುವ ಮನೆಯವರು ಇದನ್ನು ಕೊಳ್ಳುವ ಅಗತ್ಯವಿಲ್ಲ, ಅವರಿಗೆ ಟ್ಯೂಬ್ಯುಲರ್ ಸಾಕು. ನೆರಳಿನಲ್ಲಿಟ್ಟು, ನೀರು ನೋಡಿಕೊಂಡರೆ ಕೊಟ್ಟ ಹಣಕ್ಕೆ ಮೋಸವಿಲ್ಲ. ಹೊಲದ ಮನೆಯಲ್ಲಿ ಸೋಲಾರ್ ಹಾಕಿಸಿ ದಿನವೂ ತುಂಬಿ ದಿನವೂ ಬಳಸುವವರು, ಹೊಲಿಗೆ ಯಂತ್ರವನ್ನೋ ಝೆರಾಕ್ಸ್ ಅಂಗಡಿಯನ್ನೋ ನಡೆಸುವವರು ಇನ್ವರ್ಟರಿನ ಬೆಲೆಯನ್ನೂ ಕೂಡಿಸಿಯೇ ಲೆಕ್ಕ ಹಾಕಿ ಕೊಳ್ಳಬಹುದು. ಬಿಲ್ಲು ಮಾಡಿಸುವ ಮುಂಚೆ ಸೆಲ್ಲು ತಯಾರಾದ ತಿಂಗಳನ್ನು ಕೇಳಿ, ಬಿಎಂಎಸ್ ಬಾಗಿಲು ಹಾಕಿಕೊಂಡರೆ ಈ ಇನ್ವರ್ಟರು ಎಬ್ಬಿಸುತ್ತದೆಯೇ ಎಂದೂ ಕೇಳಿ. ಎರಡನೆಯ ಪ್ರಶ್ನೆಗೆ ಅಂಗಡಿಯವರು ತಡವರಿಸಿದರೆ ಪಕ್ಕದ ಅಂಗಡಿಗೆ ನಡೆಯಿರಿ.

ಒಂದು ವಿಷಯದಲ್ಲಿ ಮಾತ್ರ ಹಳೆಯದೇ ಮೇಲು. ಸೀಸವನ್ನು ಕರಗಿಸಿ, ಶುದ್ಧಮಾಡಿ, ಮತ್ತೆ ಬ್ಯಾಟರಿ ಮಾಡುವುದು ನೂರು ವರ್ಷಕ್ಕೂ ಹಳೆಯ ಕಸುಬು, ಆದ್ದರಿಂದಲೇ ಸತ್ತ ಬ್ಯಾಟರಿಗೂ 4,300 ಸಿಕ್ಕಿತು. ಕಬ್ಬಿಣದ ಫಾಸ್ಫೇಟಿನ ಸೆಲ್ಲಿನಲ್ಲಿ ಕೋಬಾಲ್ಟಾಗಲಿ ನಿಕ್ಕಲ್ಲಾಗಲಿ ಇಲ್ಲ. ಕೊಳ್ಳುವಾಗ ಅಗ್ಗವಾಗಲು ಕಾರಣವಾದದ್ದೇ ಮಾರುವಾಗ ಕುತ್ತು. ಒಳಗಿನ ಲಿಥಿಯಂ ತೆಗೆಯಬೇಕೆಂದರೆ ಪುಡಿ ಮಾಡಿ, ಆಮ್ಲದಲ್ಲಿ ಕರಗಿಸಿ, ಲವಣವಾಗಿ ಬೇರ್ಪಡಿಸುವ ಕಾರ್ಖಾನೆಯೇ ಬೇಕು. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಬಳಸಿ ಮುಗಿದ ಬ್ಯಾಟರಿಯನ್ನು ಮರಳಿ ಪಡೆದು ಮರುಬಳಕೆಗೆ ಒಪ್ಪಿಸುವ ಹೊಣೆ ತಯಾರಕರದು. ಈ ಮಾತನ್ನು ಹೇಳಿ, ಇದು ಸತ್ತ ದಿನ ಎಷ್ಟಕ್ಕೆ ಹಿಡಿದುಕೊಳ್ಳುತ್ತೀರಿ ಎಂದು ಅಂಗಡಿಯವರನ್ನು ಕೇಳಿದೆ. “ಅದನ್ನ ಅವಾಗ ನೋಡೂಣ ತಗೋರಿ ಸರ್,” ಎಂದು ನಕ್ಕರು. ನಾನು ನಗದೆ ನಿಂತಿದ್ದರಿಂದ ಬಿಲ್ಲಿನ ಹಿಂಬದಿಗೆ ‘ಹಳೇ ಲಿಥಿಯಂ ವಾಪಸ್ ತಗೋತೀವಿ’ ಎಂದು ಪೆನ್ನಿನಲ್ಲಿ ಬರೆದು ಸಹಿ ಮಾಡಿ ಕೊಟ್ಟರು. ರೇಟಿನ ಜಾಗ ಮಾತ್ರ ಖಾಲಿ ಬಿಟ್ಟರು. ಆ ಬಿಲ್ಲನ್ನು ವಾರಂಟಿ ಕಾರ್ಡಿನ ಜೊತೆ ಪಿನ್ನು ಹಾಕಿ ಇಟ್ಟಿದ್ದೇನೆ.